ಮುಳುಗಿದ ಹಡಗಿನ ಸೌಟು

ಸೋಮವಾರ ಬೆಳಗ್ಗೆ ಬಂದರು ಠಾಣೆಗೆ ಬಂದ ದೂರು ಇಷ್ಟೇ: ಪ್ರವಾಸಿಗರನ್ನು ಸಮುದ್ರದಾಳಕ್ಕೆ ಇಳಿಸುವ ಡೈವಿಂಗ್ ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ಒಂದು ಹಿತ್ತಾಳೆ ಸೌಟು ಕಳುವಾಗಿದೆ.

"ಸೌಟಾ?" ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು.

"ಅಂತಿಂಥಾ ಸೌಟಲ್ಲ ಸರ್. ಹನ್ನೆರಡು ವರ್ಷದ ಹಿಂದೆ ಮುಳುಗಿತಲ್ಲ, ಆ ಹಡಗಿಂದು. ನಾನೇ ಇಳಿದು ತಂದಿದ್ದು," ಎಂದ ಅಂಗಡಿಯವ.

ಆ ಹಡಗಿನಲ್ಲಿ ನಲವತ್ತು ಜನ ಸತ್ತಿದ್ದರು. ಅರ್ಧದಷ್ಟು ಶವಗಳು ಸಿಕ್ಕಿರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆ ಇನ್‌ಸ್ಪೆಕ್ಟರ್ ಜೊತೆ ಮಹಿಳಾ ಕಾನ್‌ಸ್ಟೇಬಲ್ ಹೋದಳು. ಗಾಜು ಒಡೆದಿರಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಕಳೆದುಹೋಗದಂತೆ ಮೂಲೆಯಲ್ಲಿ ಗುಡ್ಡೆ ಹಾಕಿಡಲಾಗಿತ್ತು. ಪಕ್ಕದಲ್ಲಿದ್ದ ಹಡಗಿನ ಗಡಿಯಾರವನ್ನು ಯಾರೂ ಮುಟ್ಟಿರಲಿಲ್ಲ.

"ಸೌಟೇ ಬೇಕು ಅಂತ ಬಂದವರು ಸರ್," ಎಂದಳು ಕಾನ್‌ಸ್ಟೇಬಲ್.

"ಯಾರಾದ್ರೂ ಇದನ್ನ ಕೇಳಿದ್ರಾ?"

ಅಂಗಡಿಯವ ತಲೆ ಕೆರೆದುಕೊಂಡ. "ಹಿಂದಿನ ಬೀದೀಲಿ ಬಟ್ಟೆ ಹೊಲಿಯೋ ಅಜ್ಜಿ ಕೇಳಿದ್ರು. ಕೊಡಲ್ಲ ಅಂದೆ."

ಅಜ್ಜಿಯ ಬಾಗಿಲು ತೆರೆದೇ ಇತ್ತು. ಆಕೆ ಒಲೆಯ ಮುಂದಿದ್ದಳು. ಕಳವಿನ ಮಾಲು ಪಾತ್ರೆಯೊಳಗೆ ಗಿರ್ರನೆ ತಿರುಗುತ್ತಿತ್ತು.

"ಕದ್ದಿದ್ದು ನೀವೇನಾ ಅಜ್ಜಿ?"

"ನಾನೇ. ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರ್‌ನಲ್ಲಿ ಬಿಚ್ಚಿದೆ. ಅದನ್ನೂ ಬರ್ಕೊಳ್ಳಿ. ಸೌಟು ನಮ್ಮದೇ."

"ನಿಮ್ಮದು ಅಂತ ಹೇಗೆ ಗೊತ್ತು?"

"ಹಿಡಿಯ ತುದಿ ನೋಡಿ. ಪಾತ್ರೆಗೆ ಸಿಕ್ಕಿಸೋಕೆ ನನ್ನ ಯಜಮಾನ್ರೇ ಬಗ್ಗಿಸಿದ್ದು. ಹಡಗಲ್ಲಿ ಅಡುಗೆಯವರು. ಇನ್ನೂ ಅಲ್ಲೇ ಇದ್ದಾರೆ."

ಠಾಣೆಯಲ್ಲಿ ಅಂಗಡಿಯವ ತಡವರಿಸಿದ. "ಗೊತ್ತಿರಲಿಲ್ಲ ಅಜ್ಜಿ. ಆದ್ರೆ ನಾವು ಇಳಿದು ನೋಡ್ದೇ ಇದ್ರೆ ಜನ ಅವರನ್ನೆಲ್ಲ ಮರೆತೇಬಿಡ್ತಾರೆ."

"ನೋಡೋಕೆ ಹೋಗಪ್ಪ, ಬೇಡ ಅಂದೋರ್ಯಾರು? ಇನ್ನೊಬ್ರ ಮನೆಗೆ ಹೋದೋರು ಬರುವಾಗ ಸೌಟು ಎತ್ಕೊಂಡು ಬರ್ತಾರಾ?"

ಕಾನ್‌ಸ್ಟೇಬಲ್ ಮುಖ ತಿರುಗಿಸಿ ನಕ್ಕಳು. ಅಂಗಡಿಯವನ ಕಿವಿ ಕೆಂಪಾಯಿತು.

ಅಜ್ಜಿಯ ಬಂಧನ ದಾಖಲಾಯಿತು. ಠಾಣೆಯಲ್ಲೇ ಜಾಮೀನು ಸಿಕ್ಕಿತು. ಜಾಮೀನುದಾರನಾಗಿ ಸಹಿ ಹಾಕಿದವನು ಅಂಗಡಿಯವನೇ. ಹಡಗಿನಿಂದ ವಸ್ತು ತೆಗೆದದ್ದಕ್ಕೆ ಅವನ ಮೇಲೂ ಇನ್‌ಸ್ಪೆಕ್ಟರ್ ಪ್ರತ್ಯೇಕ ಪ್ರಕರಣ ಬರೆದರು. ಅವನು ತಕರಾರು ಮಾಡಲಿಲ್ಲ.

"ಕೋರ್ಟು ಬಿಟ್ಟುಕೊಟ್ಮೇಲೆ ಎಲ್ಲಾ ವಸ್ತೂನೂ ನಾನೇ ಇಳಿದು ಹಡಗಲ್ಲೇ ಇಟ್ಟು ಬರ್ತೀನಿ," ಎಂದ.

"ಕದ್ದು ಏನ್ಮಾಡೋಣ ಅಂತಿದ್ರಿ ಅಜ್ಜಿ?" ಇನ್‌ಸ್ಪೆಕ್ಟರ್ ಕೊನೆಗೆ ಕೇಳಿದರು.

ಅಜ್ಜಿ ಮೇಜಿನ ಮೇಲಿದ್ದ ಸೌಟಿನ ಬಗ್ಗಿದ ತುದಿಯನ್ನು ಸವರಿದಳು. "ಯಜಮಾನ್ರು ರಜೆಗೆ ಬಂದಾಗ್ಲೂ ಇದನ್ನ ಜೊತೇಲಿ ತರೋರು. ಅಡುಗೆ ಅವರದ್ದೇ. ನನಗೆ ಮುಟ್ಟೋಕೂ ಬಿಡ್ತಿರಲಿಲ್ಲ. ಒಂದ್ಸಲ ನಾನೂ ಇದ್ರಲ್ಲಿ ಕೈಯಾಡಿಸ್ಬೇಕು ಅಂತಿತ್ತು. ಅಷ್ಟೇ."

ಆಮೇಲೆ ಅಂಗಡಿಯವನ ಕಡೆ ತಿರುಗಿದಳು.

"ಇಡೋ ಮುಂಚೆ ಚೆನ್ನಾಗಿ ತೊಳಿಯಪ್ಪ. ನಾನು ಮುಟ್ಟಿದ್ದು ಗೊತ್ತಾದ್ರೆ ಅವ್ರು ರೇಗ್ತಾರೆ."