ಪಾಸಿಗೆ ನಲವತ್ತು

ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ತನ್ನ ನಂಬರನ್ನು ಎರಡು ಕಡೆ ಕಂಡ ಕಬುಲ ಕಾಲು ಕಿತ್ತಿಡಲಾರದೆ ನಿಂತಳು. ಒಂದು ಗಣಿತದಲ್ಲಿ, ಇನ್ನೊಂದು ಮೆಕ್ಯಾನಿಕ್ಸಿನಲ್ಲಿ. ಅದು ಫೇಲಾದವರ ಪಟ್ಟಿ. ಸೆಪ್ಟೆಂಬರಿನ ಮರುಪರೀಕ್ಷೆಯಲ್ಲೂ ಹೋದರೆ ಕಾಲೇಜಿನಿಂದಲೇ ಹೊರಗೆ. ದಾರ್ ಎಸ್ ಸಲಾಮಿನ ಹುಡುಗರು ಅದಕ್ಕೆ 'ಡಿಸ್ಕೊ' ಎನ್ನುತ್ತಾರೆ, ಕುಣಿಯಲು ಹೋದವರ ಸುದ್ದಿ ಹೇಳುವಂತೆ.

ಬೆನ್ನ ಹಿಂದೆ ಯಾರೋ ಹೊಟ್ಟೆ ತುಂಬಾ ನಕ್ಕರು.

ತಿರುಗಿ ನೋಡಿದಳು. ಉದ್ದನೆಯ ಹುಡುಗ, ಮೊಣಕೈವರೆಗೆ ಮಡಚಿದ ತೋಳಿನ ಅಂಗಿ, ಬೆರಳು ಅದೇ ಪಟ್ಟಿಯ ಮೇಲೆ.

"ಇನ್ನೊಬ್ಬರು ಬಿದ್ದಾಗ ನಗಬೇಕು ಅಂತ ನಿಮ್ಮನೇಲಿ ಹೇಳಿಕೊಟ್ಟಿದ್ದಾರಾ?"

ಅವನ ನಗು ಅರ್ಧಕ್ಕೇ ನಿಂತಿತು. "ನೀವು ಬಿದ್ದಿದ್ದೀರಿ ಅಂತ ನನಗೆ ಗೊತ್ತೇ ಇಲ್ಲ ಅಕ್ಕಾ. ನಾನು ನನ್ನ ನಂಬರ್ ನೋಡಿ ನಕ್ಕೆ. ಹಿಂದಿನ ಸಲ ಐದರಲ್ಲಿ ಹೋಗಿತ್ತು, ಈ ಸಲ ಒಂದೇ."

"ಐದಾ?"

"ಐದು. ಡಿಸ್ಕೊ ಆಗಿ ಊರಿಗೆ ಹೋದೆ. ಟುಕುಯು ಗುಡ್ಡದಲ್ಲಿ ಒಂದು ವರ್ಷ ಚಹಾ ಸೊಪ್ಪು ಕಿತ್ತೆ. ಮತ್ತೆ ಅರ್ಜಿ ಹಾಕಿ ಮೊದಲಿಂದ ಶುರು ಮಾಡಿದೀನಿ. ಉಳಿದಿರೋದು ಡ್ರಾಯಿಂಗ್."

"ಡ್ರಾಯಿಂಗಲ್ಲಿ ಯಾರಾದ್ರೂ ಫೇಲಾಗ್ತಾರಾ?" ಮಾತು ಅವಳ ಬಾಯಿಂದ ಜಾರಿಬಿಟ್ಟಿತು. ಅದರಲ್ಲಿ ತರಗತಿಗೇ ಮೊದಲು ಬಂದವಳು ಅವಳು.

ಆಗ ಅವನು ಅವಳನ್ನು ಸರಿಯಾಗಿ ನೋಡಿದ. ಅವಳಿಗೆ ತನ್ನ ಕೂದಲ ಜಡೆಗಳನ್ನು ಸರಿಮಾಡಿಕೊಳ್ಳಬೇಕೆನಿಸಿತು. ಅನಿಸಿದ್ದಕ್ಕೆ ಸಿಟ್ಟೂ ಬಂತು. ಆ ಸಿಟ್ಟಿನಲ್ಲೇ ಪಟ್ಟಿಯಲ್ಲಿ ತನ್ನ ನಂಬರಿದ್ದ ಎರಡೂ ಕಡೆ ಬೆರಳಿಟ್ಟು ತೋರಿಸಿದಳು.

"ನನ್ನ ಹೆಸರು ಅಂಬೊಕಿಲೆ, ಬಿ ಸೆಕ್ಷನ್," ಎಂದ. "ಗಣಿತ, ಮೆಕ್ಯಾನಿಕ್ಸ್ ನಾನು ಹೇಳಿಕೊಡ್ತೀನಿ. ನನಗೊಂದು ನೆಟ್ಟಗಿರೋ ಗೆರೆ ಎಳೆಯೋದು ಕಲಿಸಿ."

*

ರಜೆಯಲ್ಲಿ ಕಾಲೇಜು ಖಾಲಿ. ಮಾವಿನ ಮರದಡಿ ಮಾಮಾ ಜೆನಿಯ ಚಹಾದಂಗಡಿಯೊಂದೇ ತೆರೆದಿರುತ್ತಿತ್ತು. ಮಾಮಾ ಎಂದರೆ ಅಲ್ಲಿ ಅಮ್ಮ. ಅಲ್ಲಿನ ಬೆಂಚಿನ ಮೇಲೆ ಇಬ್ಬರ ಪುಸ್ತಕ, ನಡುವೆ ಒಂದು ತಟ್ಟೆ ಚಪಾತಿ.

"ಇದು ಸೇತುವೆಯಾ?" ಅವನ ಚಿತ್ರ ನೋಡಿ ಕಬುಲ ಕೇಳುವಳು.

"ಹೌದು."

"ಇದರ ಮೇಲೆ ಮೇಕೆಯೂ ನಡೆಯೋದಿಲ್ಲ."

"ನಮ್ಮ ಊರಿನ ಮೇಕೆಗೆ ಧೈರ್ಯ ಜಾಸ್ತಿ."

ಅವಳು ನಗು ತಡೆಯಲು ಚಹಾ ಲೋಟ ಬಾಯಿಗಿಡುವಳು. ಲೋಟದ ಅಂಚಿನ ಮೇಲಿಂದ ಅವಳ ಕಣ್ಣು ನಗುವುದನ್ನು ಅವನು ನೋಡುವನು. ನೋಡಿದ್ದನ್ನು ಅವಳು ನೋಡಿದಳೆಂದು ಗೊತ್ತಾದ ಕೂಡಲೇ ಸ್ಕೇಲು ಹುಡುಕುವನು. ಸ್ಕೇಲು ಅವನ ಕೈಯಲ್ಲೇ ಇರುತ್ತಿತ್ತು.

ಎರಡನೇ ವಾರ ಅವನು ಪೆನ್ನು ಕೆಳಗಿಟ್ಟ. "ಕಬುಲ, ನಿನಗೆ ಇದೆಲ್ಲ ಬರುತ್ತೆ. ತಿಳೀದೇ ಇದ್ದಿದ್ದನ್ನ ಕ್ಲಾಸಲ್ಲಿ ಯಾಕೆ ಕೇಳಲಿಲ್ಲ?"

ಅವಳು ಚಪಾತಿಯನ್ನು ಚೂರು ಚೂರಾಗಿ ಹರಿದಳು. ಆಮೇಲೆ ಹೇಳಿದಳು.

ಅವಳು ವಿಕ್ಟೋರಿಯಾ ಸರೋವರದ ಉಕೆರೆವೆ ದ್ವೀಪದವಳು. ಅಮ್ಮ ಒಣಮೀನಿನ ಮೂಟೆಗಳೊಂದಿಗೆ ದೋಣಿಯಲ್ಲಿ ಮ್ವಾಂಜಾ ಸಂತೆಗೆ ಹೋಗುವವಳು. ದೋಣಿ ವಾಲಿದಾಗಲೆಲ್ಲ ಅಮ್ಮ ಮಗಳ ಮಣಿಕಟ್ಟು ಹಿಡಿಯುತ್ತಿದ್ದ ಬಿಗಿ ಅವಳಿಗೆ ನೆನಪಿದೆ. ವಾಲದ ಹಡಗನ್ನು ತಾನೇ ಕಟ್ಟಬೇಕೆಂದು ಹತ್ತನೇ ವಯಸ್ಸಿಗೇ ನಿರ್ಧರಿಸಿದ್ದಳು. ಮಲೇರಿಯಾದಿಂದಾಗಿ ಮೂರು ವಾರ ತಡವಾಗಿ ಕಾಲೇಜಿಗೆ ಬಂದಳು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅದೂ ಓಡುವ ಇಂಗ್ಲಿಷು. ಒಂದು ದಿನ ಧೈರ್ಯ ಮಾಡಿ ಎದ್ದು ನಿಂತು, ಹಡಗಿನ ಲೋಡ್ ಒಂದು ಪಕ್ಕಕ್ಕೆ ಸರಿದರೆ ಏನಾಗುತ್ತದೆಂದು ಕೇಳಿದಳು. ಊರಿನ ನಾಲಗೆ, ಲೋಡ್ ಎಂಬುದು ರೋಡ್ ಆಯಿತು.

"'ಹಡಗಿನ ಮೇಲೆ ಯಾವ ರೋಡಮ್ಮಾ' ಅಂತ ಯಾರೋ ಅಂದರು. ಇಡೀ ಕ್ಲಾಸು ನಕ್ಕಿತು. ಅವತ್ತಿಂದ ನಾನು ಬಾಯಿ ಬಿಡಲಿಲ್ಲ."

ಅಂಬೊಕಿಲೆ ನಗಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. "ಮೆಕ್ಯಾನಿಕ್ಸಿನ ಮಸ್ಸಾವೆ ಮೇಷ್ಟ್ರು ರಜೆಯಲ್ಲೂ ಕಾಲೇಜಿಗೆ ಬರ್ತಾರೆ," ಎಂದ. "ಹೋಗಿ ಅದೇ ಪ್ರಶ್ನೆ ಕೇಳು."

"ಆಗಲ್ಲ."

"ನಾನು ಬಾಗಿಲ ಹತ್ರ ನಿಂತಿರ್ತೀನಿ. ಒಳಗೆ ಬರಲ್ಲ."

ಮೂರು ದಿನ ಅವಳು ಅವನೊಂದಿಗೆ ಮಾತು ಬಿಟ್ಟಳು. ನಾಲ್ಕನೇ ದಿನ ಅವನನ್ನು ಹೊರಗೆ ನಿಲ್ಲಿಸಿ ಮೇಷ್ಟ್ರ ಬಾಗಿಲು ತಟ್ಟಿದಳು.

ಬಿಳಿ ಗಡ್ಡದ ಮಸ್ಸಾವೆ ಕನ್ನಡಕ ತೆಗೆದರು. ಪ್ರಶ್ನೆ ಕೇಳಿ ಒಂದು ಖಾಲಿ ಕಾಗದ ಎಳೆದುಕೊಂಡರು. "ಈ ಪ್ರಶ್ನೆ ನವೆಂಬರಿನಲ್ಲೇ ಕೇಳಿದ್ದೆ ನೀನು. ಗದ್ದಲದಲ್ಲಿ ನಾನು ಉತ್ತರ ಹೇಳಲಿಲ್ಲ, ತಪ್ಪು ನನ್ನದು. ಕೂತ್ಕೋ."

ಕಾಗದದ ಮೇಲೆ ಅವರು ಬರೆದರು, ಅವಳು ಬರೆದಳು. ಅವಳು ಹೊರಬಂದಾಗ ಎರಡು ಗಂಟೆ ಕಳೆದಿತ್ತು. ಅಂಬೊಕಿಲೆ ಗೋಡೆಗೊರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದ. ಅವಳು ಎಬ್ಬಿಸಲಿಲ್ಲ. ಪಕ್ಕದಲ್ಲಿ ಕೂತು, ಅವನ ರೆಪ್ಪೆಗಳು ಎಷ್ಟು ಉದ್ದ ಎಂದು ಮೊದಲ ಸಲ ಬಿಡುವಾಗಿ ನೋಡಿದಳು.

ಸೆಪ್ಟೆಂಬರಿನ ಫಲಿತಾಂಶದಲ್ಲಿ ಅವನು ಡ್ರಾಯಿಂಗ್ ದಾಟಿದ್ದ. ಅವಳಿಗೆ ಗಣಿತದಲ್ಲಿ ಐವತ್ತೆಂಟು, ಮೆಕ್ಯಾನಿಕ್ಸಿನಲ್ಲಿ ನಲವತ್ತೊಂದು. ಪಾಸಿಗೆ ನಲವತ್ತು.

"ಒಂದೇ ಅಂಕ," ಎಂದಳು ಅವಳು.

"ಒಂದು ಸಾಕು," ಅಂದ. "ಒಳಗಿದ್ದೀಯಲ್ಲ."

*

ಆಮೇಲಿನ ಮೂರು ವರ್ಷ ಅವಳು ಮುಂದಿನ ಬೆಂಚಿನಲ್ಲಿ ಕೂತಳು. ನಾಲಗೆ ತಪ್ಪಿದಾಗ ನಕ್ಕವರ ಕಡೆ ತಿರುಗಿ, "ನಕ್ಕಾಯ್ತಾ? ಈಗ ಮುಂದಿನ ಪ್ರಶ್ನೆ," ಎನ್ನುವಷ್ಟಾದಳು. ಅವನು ಸೇತುವೆ, ಬಂದರು ಕಟ್ಟುವ ವಿಷಯ ಹಿಡಿದ. ಚಹಾದ ಬೆಂಚು ಮಾತ್ರ ಇಬ್ಬರದೂ ಆಗಿಯೇ ಉಳಿಯಿತು. ಹೇಳಬೇಕಾದ ಮಾತೊಂದನ್ನು ಇಬ್ಬರೂ ನಾಳೆಗೆ ತಳ್ಳುತ್ತಾ ಬಂದರು. "ನೀವಿಬ್ಬರೂ ಎಂಜಿನಿಯರುಗಳಂತೆ. ಇಷ್ಟಗಲ ಬೆಂಚು ದಾಟೋಕೆ ಆಗಲ್ಲ," ಎಂದು ಮಾಮಾ ಜೆನಿ ಗೊಣಗುವಳು.

ಕೊನೆಯ ವರ್ಷ ಹಡಗು ವಿನ್ಯಾಸ ಕಲಿಯಲು ಇಸ್ತಾಂಬುಲಿಗೆ ಕಳಿಸುವ ವಿದ್ಯಾರ್ಥಿವೇತನಕ್ಕೆ ಸಂದರ್ಶನ ನಡೆಯಿತು. ಅಲ್ಲಿದ್ದ ಒಬ್ಬರು ಅಂಕಪಟ್ಟಿಯ ಮೇಲೆ ಬೆರಳಿಟ್ಟರು. "ಮೆಕ್ಯಾನಿಕ್ಸಿನಲ್ಲಿ ನಲವತ್ತೊಂದು. ಹಡಗು ಕಟ್ಟೋಕೆ ಹೊರಟಿದ್ದೀರಿ."

"ಅದು ನಾನು ಬಾಯಿ ಮುಚ್ಚಿಕೊಂಡಿದ್ದ ವರ್ಷ ಸರ್," ಎಂದಳು ಕಬುಲ. "ಮುಂದಿನ ಪುಟ ತಿರುಗಿಸಿ."

ಅವರು ತಿರುಗಿಸಿದರು. ತಿಂಗಳೊಳಗೆ ಪತ್ರ ಬಂತು.

*

ಅಮ್ಮನಿಗೆ ಸುದ್ದಿ ಹೇಳಲು ಹೊರಟಾಗ ಅಂಬೊಕಿಲೆಯೂ ಜೊತೆಗೆ ಬಂದ. ಬೆಳಗಿನ ಹಡಗು ಮ್ವಾಂಜಾದ ಬಂಡೆಗಳನ್ನು ಹಿಂದೆ ಬಿಟ್ಟಿತು. ನೀರು ಹೊಳೆಯುತ್ತಿತ್ತು. ಗುಡ್ಡದ ಹುಡುಗನ ಮುಖ ಮಾತ್ರ ಹಸಿರಾಗುತ್ತಾ ಹೋಯಿತು.

"ನಾನು ಹೇಳಬೇಕಾಗಿದ್ದು ಒಂದಿದೆ," ಎಂದಳು ಕಬುಲ ಕಂಬಿ ಹಿಡಿದು. "ನಿನ್ನನ್ನ ಪ್ರೀತಿಸ್ತೀನಿ. ಆದರೂ ಹೋಗ್ತೀನಿ. ಎರಡೂ ನಿಜ."

ಅವನು ಒಂದು ಕೈ ಎತ್ತಿ, ಕಂಬಿಯಾಚೆ ಬಾಗಿ ವಾಂತಿ ಮಾಡಿದ.

"ಇದು ಉತ್ತರಾನಾ?"

"ಹೇಳೋದಕ್ಕೆ ಇದೇ ಹೊತ್ತು ಸಿಕ್ಕಿತಾ ನಿನಗೆ?" ಅವಳು ಕೊಟ್ಟ ನೀರಿನಿಂದ ಮುಖ ತೊಳೆದುಕೊಂಡು, ಕಂಬಿಗೊರಗಿ ಕೂತ. ಅವಳ ಕೈ ಹುಡುಕಿ ಹಿಡಿದ. "ನಿಮ್ಮ ದ್ವೀಪದ ದಡದಲ್ಲಿ ಹೊಸ ಜೆಟ್ಟಿ ಕಟ್ತಾರಂತೆ. ಆ ಕೆಲಸಕ್ಕೆ ಅರ್ಜಿ ಹಾಕಿದ್ದೆ, ಸಿಕ್ಕಿದೆ. ಎರಡು ವರ್ಷದ ಕೆಲಸ. ನೀನು ಹಡಗು ತಂದರೆ ನಿಲ್ಲಿಸೋಕೆ ಜಾಗ ಬೇಕಲ್ಲ."

"ಯಾಕೆ ಹೇಳಲಿಲ್ಲ?"

"ನಾನಿಲ್ಲಿದ್ದೀನಿ ಅಂತ ನೀನು ಹೋಗದೇ ಇದ್ದುಬಿಟ್ಟರೆ? ಪತ್ರ ಬರಲಿ ಅಂತ ಕಾದೆ." ಕಣ್ಣು ಮುಚ್ಚಿಯೇ ನಕ್ಕ. "ಪ್ರೀತಿ ಅಂದರೆ ನನಗೂ ಅದೇ ಕಬುಲ. ಎಷ್ಟೋ ದಿನದಿಂದ."

ಅವಳು ಪಕ್ಕದಲ್ಲಿ ಕೂತು ಅವನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ದಡ ಬರುವವರೆಗೂ ಹಾಗೇ ಇದ್ದರು.

ಅಮ್ಮ ದಡದಲ್ಲಿ ಕಾಯುತ್ತಿದ್ದಳು. ಅವನು ತೂರಾಡುತ್ತಲೇ ಬಾಗಿ, "ಶಿಕಮೋ, ಮಾಮಾ," ಎಂದು ಹಿರಿಯರಿಗೆ ಮಾಡುವ ವಂದನೆ ಮಾಡಿದ. ಅಮ್ಮ "ಮರಹಬಾ" ಎಂದು ವಂದನೆ ಒಪ್ಪಿಕೊಂಡು, ಅವನ ಮುಖವನ್ನೂ ಮಗಳು ಹಿಡಿದಿದ್ದ ಕೈಯನ್ನೂ ನೋಡಿದಳು. ಇಸ್ತಾಂಬುಲಿನ ಸುದ್ದಿ ಕೇಳಿದಳು, ಹೊದ್ದ ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡಳು. ಜೆಟ್ಟಿಯ ಸುದ್ದಿಯನ್ನೂ ಕೇಳಿದಳು.

"ಎರಡು ವರ್ಷ ಇಲ್ಲೇ ಇರ್ತಾನಾ? ಈಜೋಕೆ ಬರುತ್ತಾ?"

"ಇಲ್ಲ ಮಾಮಾ," ಎಂದ ಅಂಬೊಕಿಲೆ.

"ಸರಿ," ಎಂದು ಅಮ್ಮ ಅವನ ಚೀಲವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಳು. "ಇವಳು ಬರೋದರೊಳಗೆ ನಾನು ಕಲಿಸಿರ್ತೀನಿ. ಮೊದಲು ಊಟ ಮಾಡು, ಬಾ."