ಸಿಡಿಲುವೀರನ ತಂತಿ

ಯಂಕಮ್ಮ ಕೆಂಪು ರೆಕ್ಕೆಬಟ್ಟೆ ಹಿಂಡುತ್ತಿದ್ದಳು. ಸೀರಿಯಲ್ಲಿನಲ್ಲಿ ಹಾರುವಾಗ ಹಿರಿಯ ಮಗ ಈರೇಶ ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆ. ಒಂದು ಅವನ ಮೈಮೇಲೆ, ಇದು ಇನ್ನೊಂದು. ಬಣ್ಣ ಬಿಡುತ್ತಿತ್ತು, ಹಾಳಾದ್ದು. ಒಳಗೆ ಶೂಟಿಂಗ್ ನಡೆದಿತ್ತು. ಏನೋ ಧೊಪ್ಪೆಂದಿತು. ಆಮೇಲೆ ಯಾರೂ ‘ಕಟ್’ ಅನ್ನಲಿಲ್ಲ.

ಬಟ್ಟೆ ಹಿಡಿದೇ ಓಡಿದಳು. ಹಲಸೂರು ಕೆರೆಯ ಹಿಂದೆ ಶೂಟಿಂಗ್ ನಡೆಯುವ ಗೋಡೌನಿನ ನೆಲದ ಮೇಲೆ ಈರೇಶ ಬಿದ್ದಿದ್ದ. ಕತ್ತು ವಾಲಿತ್ತು, ಉಸಿರಿರಲಿಲ್ಲ. ಅವನನ್ನು ಹಾರಿಸಲು ಸೊಂಟಕ್ಕೆ ಸಿಕ್ಕಿಸಿದ್ದ ಉಕ್ಕಿನ ತಂತಿ ತುಂಡಾಗಿತ್ತು.

*

ಎಸ್.ಐ. ಜಹನಾರಾ ತಂತಿಯ ತುದಿಯನ್ನು ಬೆಳಕಿಗೆ ಹಿಡಿದಳು.

“ಸವೆದದ್ದಲ್ಲ. ಕಟಿಂಗ್ ಪ್ಲೇಯರಲ್ಲಿ ಮುಕ್ಕಾಲು ಭಾಗ ಕತ್ತರಿಸಿಟ್ಟಿದ್ದಾರೆ.”

“ಇದು ಇವನ ತಮ್ಮಂದೇ ಕೆಲಸ ಮೇಡಂ,” ಅಂದ ಕಾನ್‌ಸ್ಟೇಬಲ್ ಮುನಿರಾಜಪ್ಪ. “ಹೋದ ವಾರ ಗಾಳಿವೀರ ಸಿಡಿಲುವೀರನ್ನ ಬೆಟ್ಟದಿಂದ ತಳ್ಳಿದ್ನಲ್ಲ!”

“ಅದು ಸೀರಿಯಲ್ ರೀ.”

“ನಮ್ಮತ್ತೆ ಟೀವಿಗೇ ಚಪ್ಪಲಿ ಎಸೆದ್ರು ಮೇಡಂ.”

ಲಂಚ ಕೊಟ್ಟವರನ್ನಷ್ಟೇ ಕಾಪಾಡುವ ಅತಿಮಾನವರ ಮನೆತನದ ಕಥೆ ಅದು. ಪೀಠಕ್ಕಾಗಿ ಅಪ್ಪ ಮಕ್ಕಳೇ ಬಡಿದಾಡುತ್ತಾರೆ. ಅದನ್ನು ಬರೆದು, ಅಪ್ಪನ ವೇಷ ಹಾಕುವವನು ಯಂಕಮ್ಮನ ಗಂಡ ಚಂದ್ರಾಮಪ್ಪ. ಈರೇಶ ಸಿಡಿಲುವೀರ, ಕಿರಿಯ ಮಗ ಬಸು ಗಾಳಿವೀರ.

ಬಸುವಿನ ಕೈ ಪದೇ ಪದೇ ಜೇಬಿಗೆ ಹೋಗುತ್ತಿತ್ತು.

“ಜೇಬಲ್ಲೇನು?”

“ಚಾನೆಲ್‌ಗೆ ಬರೆದ ಕಾಗದ ಮೇಡಂ. ನಾನಿನ್ನು ಸೀರಿಯಲ್ ಮಾಡಲ್ಲ ಅಂತ. ವರ್ಷ ಆಯ್ತು, ಅಪ್ಪನ ಹೆದ್ರಿಕೆಗೆ ಪೋಸ್ಟಿಗೆ ಹಾಕಿಲ್ಲ.”

“ಅಣ್ಣನ ಹತ್ರ ಜಗಳ?”

“ಆಡ್ದೆ. ಬೇರೆ ಸೀರಿಯಲ್‌ಗೆ ಹೋಗ್ತೀನಿ ಅಂದ. ನನ್ನೊಬ್ಬನ್ನೇ ಇಲ್ಲಿ ಬಿಟ್ಟು ಹೋಗ್ತೀಯಾ ಅಂತ ಬೈದೆ.”

ಹಿಂದಿನಿಂದ ಚಂದ್ರಾಮಪ್ಪನ ದನಿ ಬಂತು.

“ಸೀರಿಯಲ್ ನಿಲ್ಲಂಗಿಲ್ಲ. ನಾಳಿ ಸಿಡಿಲಿನ ಬಟ್ಟಿ ಹಾಕ್ಕೊಂಡು ಇವನೇ ಹಾರ್ತಾನ.”

ಯಂಕಮ್ಮನ ಕೈಯಿಂದ ಒದ್ದೆ ಬಟ್ಟೆ ಜಾರಿತು.

*

ಹಿಂದಿನ ದಿನ ಆಯುಧಪೂಜೆ. ಮೂಲೆಯಲ್ಲಿ ದೇವರ ಪಟದ ಮುಂದೆ ಉಪಕರಣಗಳು ಸಾಲಾಗಿದ್ದವು. ಮುನಿರಾಜಪ್ಪ ಕೈ ಚಾಚಿದ.

“ಮುಟ್ಟಬ್ಯಾಡ್ರಿ!” ಚಂದ್ರಾಮಪ್ಪ ಗುಡುಗಿದ. “ಪೂಜಿಗಿಟ್ಟದ್ದು. ಇನ್ನಾ ಇಳಿಸಿಲ್ಲ.”

ಜಹನಾರಾ ಕೈ ಹಿಂದೆ ಕಟ್ಟಿಕೊಂಡೇ ಬಗ್ಗಿದಳು. ಸುತ್ತಿಗೆಗೆ ಕುಂಕುಮದ ಬೊಟ್ಟು. ಸ್ಪ್ಯಾನರಿಗೂ, ಗರಗಸಕ್ಕೂ ಅಷ್ಟೇ. ಕಟಿಂಗ್ ಪ್ಲೇಯರಿಗೆ ಮಾತ್ರ ಬೊಟ್ಟಿನ ಕೆಳಗೆ ಮೂರು ಬಿಳಿ ಗೆರೆ.

“ಪೂಜೆ ಮಾಡಿದ್ಯಾರು?”

“ನಾನ್ರಿ. ವಿಭೂತಿ ತೀರಿತ್ತು. ಎಲ್ಲಾಕೂ ಬರೇ ಕುಂಕುಮ...” ಯಂಕಮ್ಮನ ಮಾತು ನಿಂತಿತು. ಅವಳೂ ಆ ಗೆರೆ ಕಂಡಿದ್ದಳು.

“ಇಲ್ಲಿ ಇನ್ಯಾರ ಹತ್ರ ವಿಭೂತಿ ಇದೆ?”

ಗಂಡ ಅವಳನ್ನೇ ದಿಟ್ಟಿಸುತ್ತಿದ್ದ. ಆ ನೋಟಕ್ಕೆ ಅವಳು ಇಷ್ಟು ವರ್ಷ ತಲೆ ತಗ್ಗಿಸಿಯೇ ಬಂದವಳು. ಇವತ್ತೂ ತಗ್ಗಿತು. ಆದರೆ ತಗ್ಗಿದ ಕಣ್ಣಿಗೆ ಬಿದ್ದದ್ದು ಬಸುವಿನ ಸೊಂಟದ ಪಟ್ಟಿ. ನಾಳೆ ತಂತಿ ಸಿಕ್ಕಿಸುವ ಪಟ್ಟಿ.

“ಅವರ ನಡದ ಚೀಲದಾಗ ಐತ್ರಿ. ಯಾರಿಗೂ ಮುಟ್ಟಗೊಡಂಗಿಲ್ಲ.”

ಜಹನಾರಾ ಚಂದ್ರಾಮಪ್ಪನ ಕಡೆ ತಿರುಗಿದಳು.

“ಬಸು ಆಗಿದ್ರೆ ತಂತಿ ಕತ್ತರಿಸಿ, ಪ್ಲೇಯರ್ ಎಸೆದು ಹೋಗ್ತಿದ್ದ. ರಾತ್ರಿ ತಂತಿ ಕತ್ತರಿಸುವಾಗ ನಿಮ್ಮ ಕೈ ತಾಗಿ ಕುಂಕುಮ ಅಳಿಸಿತು. ಪೂಜೆಗಿಟ್ಟ ಆಯುಧ ಬೋಳಾಗಿ ಬಿಡೋಕೆ ನಿಮಗೆ ಹೆದರಿಕೆ. ಮತ್ತೆ ಪೂಜೆ ಮಾಡಿದ್ರಿ, ನಿಮ್ಮ ರೂಢಿಯಂತೆ ವಿಭೂತಿ ಬಳಿದು, ಮೇಲೆ ಕುಂಕುಮ ಇಟ್ಟು. ಬೇರೆ ಆಯುಧಕ್ಕೆ ಅದಿಲ್ಲ ಅನ್ನೋದನ್ನ ಕತ್ತಲಲ್ಲಿ ನೋಡ್ಲಿಲ್ಲ.”

ಚಂದ್ರಾಮಪ್ಪ ಸೊಂಟದ ಚೀಲವನ್ನು ಅಂಗೈಯಿಂದ ಮುಚ್ಚಿಹಿಡಿದ.

“ಕಾಲು ಮುರೀಲಿ, ಮನ್ಯಾಗ ಬಿದ್ದಿರಲಿ ಅಂದೆ. ಪರರ ಸೀರಿಯಲ್ಲಿಗೆ ಹೋಗ್ತೀನಂದ. ಸಾಯ್ಲಿ ಅನ್ನಲಿಲ್ಲ...”

*

ಚಂದ್ರಾಮಪ್ಪನನ್ನು ಹತ್ತಿಸಿಕೊಂಡು ಜೀಪು ಹೋಯಿತು. ಮಾರ್ಕೆಟ್ ಬಳಿಯ ಅಂಚೆಡಬ್ಬಿಯ ಮುಂದೆ ಬಸು ಕಾಗದ ಹಿಡಿದು ನಿಂತ. ಲಕೋಟೆಯ ಅಂಚು ಬೆವರಿಗೆ ಮೆತ್ತಗಾಗಿತ್ತು.

“ಇನ್ನಾ ಹೆದ್ರಿಕಿ ಆಗ್ತದವ್ವ.”

“ನನಗೂ,” ಅಂದಳು ಯಂಕಮ್ಮ.

ಅವನ ಮುಂಗೈ ಹಿಡಿದು ಡಬ್ಬಿಯ ಬಾಯಿಗೆ ಒತ್ತಿದಳು. ರೆಕ್ಕೆಬಟ್ಟೆಯ ಕೆಂಪು ಅವಳ ಬೆರಳಿನಿಂದ ಇನ್ನೂ ಹೋಗಿರಲಿಲ್ಲ. ಲಕೋಟೆಗೆ ಒಂದಿಷ್ಟು ಹತ್ತಿತು. ಕಾಗದ ಒಳಗೆ ಬಿತ್ತು.