ಶಿಮ್ಲಾದ ಹಿಮಕ್ಕೆ ನಾಲ್ಕು ಟೈರು

ಆ ಕೆಂಪು ಸ್ಪೋರ್ಟ್ಸ್ ಕಾರಿನ ಸದ್ದು ಕೇಳಿದರೆ ಸಾಕು, ಹೊಸಕೋಟೆ ಬೈಪಾಸಿನ ಟೈರ್ ಅಂಗಡಿಯಲ್ಲಿ ಕೂತ ಭೀಮರಾಜನ ಕೈ ತಾನಾಗಿ ತಲೆಗೂದಲು ಸರಿಮಾಡಿಕೊಳ್ಳುತ್ತಿತ್ತು. ಎರಡೇ ಸೀಟಿನ ಸೆಕೆಂಡ್ ಹ್ಯಾಂಡ್ ಕಾರು. ಓಡಿಸುವವಳು ಕೀರ್ತನ, ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿ ಲಕ್ಷ್ಮಣಪ್ಪನವರ ಮಗಳು. ಬರೀ ಗಾಳಿ ಚೆಕ್ ಮಾಡಿಸಲು ಅಷ್ಟು ದೂರದಿಂದ ಯಾಕೆ ಬರುತ್ತಾಳೆಂದು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಗೊತ್ತಿತ್ತು. ಈ ಪುಣ್ಯಾತ್ಮನೊಬ್ಬನಿಗೆ ಗೊತ್ತಿರಲಿಲ್ಲ.

ಅವತ್ತು ಅವಳು ಕಾರಿನಿಂದ ಇಳಿದವಳೇ ಪೇರಿಸಿಟ್ಟ ಟೈರುಗಳ ಮೇಲೆ ಕೂತಳು.

“ಗುರುವೇ, ಹಿಮದಲ್ಲಿ ಓಡೋ ಟೈರ್ ಇದ್ಯಾ?”

“ಹೊಸಕೋಟೇಲಿ ಯಾವಾಗಿಂದ ಹಿಮ ಬೀಳ್ತಿದೆ ಮೇಡಂ?” ಎಂದು ಅವನು ನಕ್ಕ.

“ಇಲ್ಲಲ್ಲ ಕಣೋ, ಶಿಮ್ಲಾದಲ್ಲಿ. ನಮ್ಮೋರ ಹುಡುಗ ಅಲ್ಲಿ ಡಾಕ್ಟರಂತೆ. ನೋಡೋಕೂ ಚೆನ್ನಾಗಿದಾನೆ. ಮದುವೆಗೆ ಹೂಂನೋ ಊಹೂಂನೋ, ಇವತ್ತೇ ಹೇಳ್ಬೇಕಂತೆ.”

ಭೀಮರಾಜನ ನಗು ಅಲ್ಲೇ ನಿಂತಿತು. ಅವಳು ಮಾತ್ರ ಕಾಲು ಅಲ್ಲಾಡಿಸುತ್ತ, ಕೀ ಗೊಂಚಲನ್ನು ಬೆರಳಿಗೆ ಸುತ್ತುತ್ತ, ಓರೆಗಣ್ಣಲ್ಲಿ ಅವನನ್ನೇ ನೋಡುತ್ತಿದ್ದಳು.

“ನನ್ ಕಾರೂ ಜೊತೆಗೆ ಬರ್ಬೇಕು, ಅದು ಹಿಮದಲ್ಲಿ ಓಡಲ್ಲ ಅಂದ್ರೆ ನಾನೂ ಹೋಗಲ್ಲ ಅಂದ್ಬಿಟ್ಟೆ. ಅಪ್ಪ, ‘ಆಯ್ತು, ಆ ಭೀಮರಾಜನ್ನೇ ಕೇಳ್ಕೊಂಡ್ ಬಾ’ ಅಂದ್ರು. ಹೇಳು. ಓಡುತ್ತಾ, ಓಡಲ್ವಾ?”

ಓಡಲ್ಲ ಎನ್ನಲು ಕಾರಣ ಹುಡುಕಬೇಕಾಗಿಯೂ ಇರಲಿಲ್ಲ. ನಮ್ಮ ರೋಡ್ ಹಂಪ್ ದಾಟಲಿಕ್ಕೇ ಹೊಟ್ಟೆ ತಾಗಿಸಿಕೊಂಡು ಒದ್ದಾಡುವ ಕಾರು ಅದು. ಆ ಮಾತು ಅವನ ನಾಲಿಗೆಯ ತುದಿಯವರೆಗೂ ಬಂತು. ಆದರೆ ಸರಿಯಾದ ಟೈರು ಹಾಕಿದರೆ ಓಡುತ್ತದೆಂದು ಅವನಿಗೆ ಗೊತ್ತಿತ್ತು. ಮೇಲಾಗಿ ಅವಳು ನಗುತ್ತಿದ್ದಳಲ್ಲ! ಹೋಗಲು ಇಷ್ಟು ಖುಷಿಯಾಗಿರುವವಳಿಗೆ ನನ್ನ ಸ್ವಾರ್ಥಕ್ಕೆ ಸುಳ್ಳು ಹೇಳಿ ಅಡ್ಡ ನಿಲ್ಲುವುದೇ ಅಂದುಕೊಂಡ. ಅಯ್ಯೋ, ಪೆದ್ದು ಮುಂಡೇದು!

“ಓಡುತ್ತೆ,” ಅಂದ. “ಚಳಿಗೆ ಅಂತಾನೇ ಮೆತ್ತಗಿನ ರಬ್ಬರಿನ ಟೈರ್ ಬರುತ್ತೆ, ತರಿಸ್ಕೊಡ್ತೀನಿ. ವೀಲ್ ಒಂದಿಂಚು ಚಿಕ್ಕದು ಹಾಕೋಣ, ಗುಂಡಿಗೆ ಬಿದ್ರೂ ಏಟು ರಬ್ಬರ್ ತಗೊಳ್ಳುತ್ತೆ. ಅಗಲಾನೂ ಕಮ್ಮಿ ಇರ್ಲಿ, ಹಿಮ ಕಚ್ಕೊಂಡ್ ಹೋಗುತ್ತೆ.”

“ಚಿಕ್ ವೀಲಾ? ನೋಡೋಕೆ ಚೆನ್ನಾಗಿರಲ್ಲ.” ಅವಳ ದನಿ ಸಣ್ಣಗಾಗಿತ್ತು.

“ಚೆಂದ ಕಟ್ಕೊಂಡ್ ಏನ್ಮಾಡ್ತೀಯ? ಬ್ರೇಕ್ ಹಾಕಿದ ಕಡೆ ಗಾಡಿ ನಿಲ್ಬೇಕು.”

“ಆ ಟೈರ್ ಈ ಬಿಸಿಲಿಗೆ ಉಳಿಯುತ್ತಾ?”

“ಇಲ್ಲಿ ಓಡಿಸಿದ್ರೆ ಸವೆದೇ ಹೋಗುತ್ತೆ. ನಿನ್ ಸಾಮಾನಿನ ಜೊತೆ ಲಾರೀಲಿ ಕಳಿಸ್ತೀನಿ, ಅಲ್ಲಿ ಬದಲಾಯಿಸ್ಕೊ. ವೀಲ್ ಬೆಳ್ಳಿ ಬಣ್ಣದ್ದು ಬೇಕಾ, ಕಪ್ಪಾ?”

“ನಿಂಗೆ ಯಾವ್ದಿಷ್ಟ?”

“ಕಪ್ಪು. ಬಿಳೀ ಹಿಮದಲ್ಲಿ ಎದ್ದು ಕಾಣುತ್ತೆ.”

“ನೋಡೋಕೆ ನೀನಿರ್ತೀಯಾ ಅಲ್ಲಿ?”

ಅವನು ಬೆನ್ನು ತಿರುಗಿಸಿ ಟೈರಿನ ಬೆಲೆಪಟ್ಟಿ ಹುಡುಕತೊಡಗಿದ. ಅವಳು ಫೋನ್ ತೆಗೆದಳು.

“ಅಪ್ಪಾ, ಓಡುತ್ತಂತೆ. ಹೂಂ ಅಂತ ಹೇಳ್ಬಿಡಿ.”

ಆ ಕಡೆ ಮನೆಮಂದಿಯೆಲ್ಲ ಒಟ್ಟಿಗೆ ಕೂಗಿದ್ದು ಅವನಿಗೂ ಕೇಳಿಸಿತು. ಕೀರ್ತನ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡು ಗಾಜು ಇಳಿಸಿದಳು. ಅವನು ಬಗ್ಗಿ ನೋಡಿದಾಗ ಅವಳ ಕಣ್ಣು ತುಂಬಿತ್ತು.

“ಭೀಮ, ಒಂದೇ ಒಂದು ಸುಳ್ಳು ಹೇಳೋಕಾಗ್ಲಿಲ್ವಾ ನಿಂಗೆ?”

ಆಗ ಅರ್ಥವಾಯಿತು ನಮ್ಮ ಭೀಮರಾಜನಿಗೆ. ಕಾರಿನ ಬಾಗಿಲು ಹಿಡಿದುಕೊಂಡ.

“ಹೋಗ್ಬೇಡ ಕೀರ್ತನ. ನೀನಂದ್ರೆ ನಂಗೆ ಪ್ರಾಣ ಕಣೆ. ಈಗ್ಲೇ ಬಂದು ನಿಮ್ಮಪ್ಪನ ಹತ್ರ ಮಾತಾಡ್ತೀನಿ.”

“ನಾನೇ ಬಾಯ್ಬಿಟ್ಟು ಕೇಳಿದ್ಮೇಲೆ ಹೇಳ್ತಿದ್ದೀಯ,” ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು. “ಅಪ್ಪ ಆಗ್ಲೇ ಅವ್ರಿಗೆ ಮಾತು ಕೊಟ್ಟಿರ್ತಾರೆ. ಅವರ ಮಾತು ಮುರಿಯೋಕೆ ನನ್ ಕೈಲಾಗಲ್ಲ. ಬಿಡು. ಬರ್ತೀನಿ.”

ಕಾರು ದೇವನಹಳ್ಳಿ ರಸ್ತೆಗೆ ತಿರುಗಿ ಮರೆಯಾಯಿತು. ಅವನು ಒಳಗೆ ಬಂದು ಬೆಂಗಳೂರಿನ ಡೀಲರಿಗೆ ಫೋನ್ ಮಾಡಿ, ಹಿಮದ ಟೈರು ನಾಲ್ಕು ಬೇಕು ಅಂದ.

“ಅದ್ರಲ್ಲೂ ಎರಡ್ಮೂರು ಥರ ಇದೆ ಗುರು. ಯಾವ್ದು ತರಿಸ್ಲಿ?”

“ಇರೋದ್ರಲ್ಲಿ ಒಳ್ಳೇದೇ ತರಿಸಣ್ಣ. ಅವಳು ಜಾರ್ಬಾರ್ದು,” ಅಂದ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.